ಆಸ್ಪತ್ರೆ ಬಾಗಿಲು ದಾಟಿದರೆ ಸಾಕೇ?

‘ಅಕ್ಕಾರ, ಮಗಳನ್ನ ಯಾವ ದವಾಖಾನಿಗೆ ಒಯ್ಯೂಣ್ರಿ? ಸರಕಾರಿದ್ರಾಗ ಬೈತಾರಂತ. ಪ್ರೈವೇಟಿಗೆ ಹೋದ್ರ ಸಾಲ ಮಾಡ್ಬೇಕು.’

ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವಾಕೆ ಒಂದು ಬೆಳಿಗ್ಗೆ ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಕವರಿನೊಳಗೆ ಮಗಳ ತಾಯಿ ಕಾರ್ಡ್. ಬಾದಾಮಿ ಕಡೆ ಹಳ್ಳಿಗೆ ಕೊಟ್ಟ ಮಗಳು, ಚೊಚ್ಚಲ ಬಸುರಿ. ಕುಬಸ ಮುಗಿಸಿ ಬಾಗಲಕೋಟೆಯ ನವನಗರದ ತವರಿಗೆ ಕರೆತಂದಿದ್ದರು. ಏಳೂವರೆ ತಿಂಗಳು. ಒಲೆ ಮೇಲಿದ್ದ ಹಾಲು ಇಳಿಸಿ ಕಾರ್ಡ್ ಬಿಡಿಸಿ ನೋಡಿದೆ. ಟಿಟಿ ಇಂಜೆಕ್ಷನ್ ಆಗಿದೆ, ಸ್ಕ್ಯಾನಿಂಗ್ ಆಗಿದೆ. ಬಿ.ಪಿ. ಕಾಲಂನಲ್ಲಿ ಒಂದೇ ಒಂದು ಸಲದ ಅಂಕಿ. ಹಿಮೋಗ್ಲೋಬಿನ್ 8.2, ಅದೂ ಐದನೇ ತಿಂಗಳಿನದು. ಆಮೇಲೆ ಯಾರೂ ನೋಡಿಲ್ಲ, ಯಾರೂ ಕೇಳಿಲ್ಲ.

‘ಕಬ್ಬಿಣದ ಗುಳಿಗಿ ತೊಗೋತಾಳೇನು?’ ಅಂದೆ.

‘ಕೊಟ್ಟಾರ್ರಿ. ಹೊಟ್ಟಿ ಕರೆಕರೆ ಅಂತೈತಿ ಅಂತ ಡಬ್ಬಿಯೊಳಗ ಇಟ್ಟಾಳ.’

ನಿಮ್ಮ ಮನೆಯ ಕೆಲಸದಾಕೆ, ನಾದಿನಿ, ಅಕ್ಕನ ಮಗಳು, ಕೊನೆಗೆ ಪಕ್ಕದ ಮನೆಯ ಹುಡುಗಿ... ಇಂಥ ಪ್ರಶ್ನೆ ಹಿಡಿದುಕೊಂಡು ಒಬ್ಬರಾದರೂ ನಿಮ್ಮ ಹತ್ತಿರ ಬಂದಿರುತ್ತಾರೆ ಅಲ್ವಾ? ನಾವು ಕೊಡುವ ಉತ್ತರವೂ ಒಂದೇ. ‘ಒಳ್ಳೇ ಆಸ್ಪತ್ರೆಗೆ ಸೇರಿಸು, ಹೆರಿಗೆ ಮನೇಲಿ ಮಾಡ್ಸಬೇಡ.’ ಅಷ್ಟು ಹೇಳಿ ನಮ್ಮ ಕರ್ತವ್ಯ ಮುಗಿಯಿತು ಅಂದುಕೊಳ್ಳುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದವಳು, ನನಗೇ ಅನುಭವ ಆಗುವವರೆಗೆ.

ಇಳಕಲ್‌ನಿಂದ ಬಾಗಲಕೋಟೆಗೆ

ನನ್ನ ತವರು ಇಳಕಲ್. 2013ರಲ್ಲಿ ಮೊದಲ ಹೆರಿಗೆ. ನಮ್ಮ ಕಡೆಯ ಒಂದು ಚಿಕ್ಕ ನರ್ಸಿಂಗ್ ಹೋಮ್‌ನಲ್ಲಿ ನಸುಕಿನ ನಾಲ್ಕು ಗಂಟೆಗೆ ಮಗ ಹುಟ್ಟಿದ. ನಾರ್ಮಲ್ ಹೆರಿಗೆ. ಎಲ್ಲರಿಗೂ ಖುಷಿಯೋ ಖುಷಿ! ಡಾಕ್ಟರ್ ಮನೆಗೆ ಹೋದರು, ಡ್ಯೂಟಿ ನರ್ಸ್ ಮಲಗಲು ಹೋದಳು, ಅಪ್ಪ ಫೋನ್ ಹಿಡಿದು ಬೀಗರಿಗೆ ಸುದ್ದಿ ಹೇಳುತ್ತಿದ್ದರು. ಮಂಚದ ಮೇಲೆ ನಾನು. ಮೈ ತಣ್ಣಗಾಗುತ್ತಿದೆ, ಕಿವಿಯಲ್ಲಿ ಗುಂಯ್ ಅನ್ನುತ್ತಿದೆ. ‘ಅವ್ವಾ, ಕೆಳಗ ಭಾಳ ಹಸಿ ಆಗೇತಿ’ ಅಂದೆ. ‘ಹೊಲಸ ರಕ್ತ, ಹೋಗ್ಲಿ ಬಿಡು, ಹೋದ್ರ ಚಲೋ’ ಅಂದಳು ಅಮ್ಮ. ಅವಳ ತಾಯಿ ಅವಳಿಗೆ ಹೇಳಿದ್ದೂ ಅದನ್ನೇ ಇರಬೇಕು.

ಅಷ್ಟರಲ್ಲಿ ಚಹಾ ತಂದ ಚಿಕ್ಕಮ್ಮ ಸುಮ್ಮನೆ ಹೊದಿಕೆ ಎತ್ತಿ ನೋಡಿದಳು. ಅಷ್ಟೇ. ಅವಳು ಕೂಗಿದ್ದು ಮಾತ್ರ ನೆನಪಿದೆ. ಅಲ್ಲಿ ರಕ್ತ ಇರಲಿಲ್ಲ, ಇಬ್ಬರೇ ಇಬ್ಬರು ಸಿಬ್ಬಂದಿ. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹುನಗುಂದ ದಾಟಿ, ಅಮೀನಗಡ ದಾಟಿ ಬಾಗಲಕೋಟೆಗೆ ಓಡಿದರು. ಅಮೀನಗಡದ ಕರದಂಟಿನ ಅಂಗಡಿಗಳು ಇನ್ನೂ ಬಾಗಿಲು ತೆರೆದಿರಲಿಲ್ಲ ಎಂದು ಅಮ್ಮ ಈಗಲೂ ಹೇಳುತ್ತಾಳೆ. ಗಂಟೆಗೂ ಮಿಕ್ಕಿದ ದಾರಿ. ಮೂರು ಬಾಟಲಿ ರಕ್ತ ಏರಿಸಿದರು. ಬದುಕಿದೆ, ಈ ಲೇಖನ ಬರೆಯುತ್ತಿದ್ದೇನೆ!

ಯೋಚಿಸಿ ನೋಡಿ. ನನ್ನ ಹೆರಿಗೆ ಆಗಿದ್ದು ಆಸ್ಪತ್ರೆಯಲ್ಲೇ. ದುಡ್ಡು ಕೊಟ್ಟೇ ಸೇರಿದ್ದು. ಸರಕಾರದ ಲೆಕ್ಕದಲ್ಲಿ ನಾನು ‘ಸಾಂಸ್ಥಿಕ ಹೆರಿಗೆ’ ಆದವಳು, ಅಂದರೆ ಸುರಕ್ಷಿತಳು. ಆದರೆ ಹೆರಿಗೆಯಾದ ಮೊದಲ ಒಂದು ಗಂಟೆ ನನ್ನ ಹೊದಿಕೆ ಎತ್ತಿ ನೋಡಿದವರು ಯಾರೂ ಇರಲಿಲ್ಲ. ನನ್ನನ್ನು ಉಳಿಸಿದ್ದು ಆ ಕಟ್ಟಡ ಅಲ್ಲ, ಚಹಾ ತಂದ ಚಿಕ್ಕಮ್ಮ.

ಕಟ್ಟಡ ಬಂತು, ಆರೈಕೆ?

ಒಂದು ಮಾತು ಒಪ್ಪಿಕೊಳ್ಳಲೇಬೇಕು. ನಮ್ಮ ಅಜ್ಜಿಯಂದಿರ ಕಾಲಕ್ಕೂ ಈಗಿಗೂ ಅಜಗಜಾಂತರ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಊರೂರಿಗೆ ಆಶಾ ಕಾರ್ಯಕರ್ತೆಯರು ಬಂದರು, 2008ರಲ್ಲಿ ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಓಡಲು ಶುರುವಾಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. 2004-06ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು. 2019-21ರ ಹೊತ್ತಿಗೆ ಅದು 63ಕ್ಕೆ ಇಳಿದಿದೆ. ಸಣ್ಣ ಸಾಧನೆಯಲ್ಲ.

ಆದರೆ ಆಸ್ಪತ್ರೆಗೆ ಬರುವವರ ಸಂಖ್ಯೆ ಏರಿದಂತೆಲ್ಲ ಇನ್ನೊಂದು ಪ್ರಶ್ನೆ ಎದ್ದಿತು. ಬಂದವರಿಗೆ ಅಲ್ಲಿ ಸಿಗುತ್ತಿರುವುದೇನು? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಹೊತ್ತು ಒಬ್ಬಳೇ ಸ್ಟಾಫ್ ನರ್ಸ್. ಹೆರಿಗೆಯೂ ಅವಳೇ, ಕೂಸೂ ಅವಳದೇ, ರಿಜಿಸ್ಟರ್ ಬರೆಯುವುದೂ ಅವಳೇ. ಓದಿದ್ದು ಕಾಲೇಜಿನಲ್ಲಿ ಎಂದೋ. ಕೂಸು ಅಳದಿದ್ದರೆ, ರಕ್ತ ನಿಲ್ಲದಿದ್ದರೆ ಕೈ ನಡುಗದೆ ಏನು ಮಾಡಬೇಕು?

ಈ ಪ್ರಶ್ನೆಯನ್ನೇ ಹಿಡಿದು ನಮ್ಮ ಬಾಗಲಕೋಟೆಯೂ ಸೇರಿ ಬಳ್ಳಾರಿ, ಬೀದರ್, ವಿಜಯಪುರ, ಕಲಬುರಗಿ, ಕೊಪ್ಪಳ, ರಾಯಚೂರು, ಯಾದಗಿರಿ ಹೀಗೆ ಎಂಟು ಜಿಲ್ಲೆಗಳಲ್ಲಿ ‘ಸುಕ್ಷೇಮ’ ಎಂಬ ಯೋಜನೆ ನಡೆಯಿತು. ರಾಜ್ಯ ಸರಕಾರದ ಜೊತೆ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಕೈಜೋಡಿಸಿದ್ದವು. ಅದರಲ್ಲಿ ನನಗೆ ತುಂಬ ಹಿಡಿಸಿದ್ದು ‘ನರ್ಸ್ ಮೆಂಟರ್’ ಎನ್ನುವ ಉಪಾಯ. ಅಂದರೆ ಅನುಭವಿ ನರ್ಸ್ ಒಬ್ಬಳು ಆರೋಗ್ಯ ಕೇಂದ್ರಕ್ಕೇ ಹೋಗಿ, ಎರಡು ಮೂರು ದಿನ ಅಲ್ಲೇ ಇದ್ದು, ಅಲ್ಲಿಯ ನರ್ಸ್ ಜೊತೆ ಕೆಲಸ ಮಾಡುತ್ತಾ ಕಲಿಸುವುದು. ಕೆಲವು ವಾರ ಬಿಟ್ಟು ಮತ್ತೆ ಬರುವುದು. ತಪ್ಪು ಹುಡುಕುವ ಇನ್‌ಸ್ಪೆಕ್ಷನ್ ಅಲ್ಲ. ಅಕ್ಕ ತಂಗಿಗೆ ರೊಟ್ಟಿ ಬಡಿಯೋದು ಕಲಿಸಿದ ಹಾಗೆ! ಸುಮ್ಮನೆ ನೂರು ಜನರನ್ನು ಹಾಲ್‌ನಲ್ಲಿ ಕೂರಿಸಿ ಭಾಷಣ ಬಿಗಿದು, ಊಟ ಹಾಕಿ ಕಳಿಸುವ ತರಬೇತಿಗಿಂತ ಇದು ಎಷ್ಟೋ ವಾಸಿ.

ಜೊತೆಗೆ ಹೊಸ ಕೇಸ್ ಶೀಟ್ ಕೂಡ ಬಂತು. ಬರೀ ಹೆಸರು, ಗಂಡನ ಹೆಸರು, ಹೆರಿಗೆ ಸಮಯ ಬರೆಯುವ ಹಾಳೆಯಲ್ಲ ಅದು. ಬಿ.ಪಿ. ನೋಡಿದೆಯಾ, ಕೂಸಿನ ಹೃದಯದ ಬಡಿತ ಕೇಳಿದೆಯಾ, ಹೆರಿಗೆ ಆದ ಮೇಲೆ ರಕ್ತ ಎಷ್ಟು ಹೋಗುತ್ತಿದೆ ಎಂದು ಹೆಜ್ಜೆ ಹೆಜ್ಜೆಗೂ ನರ್ಸ್‌ಗೆ ನೆನಪಿಸುವ ಹಾಳೆ. ನಾವು ಊರಿಗೆ ಹೊರಡುವಾಗ ಗ್ಯಾಸ್ ಆಫ್, ನಲ್ಲಿ ಬಂದ್, ಹಿತ್ತಲ ಬಾಗಿಲ ಚಿಲಕ ಎಂದು ಬೆರಳು ಮಡಚುವುದಿಲ್ಲವೇ, ಹಾಗೆ.

ಈ ‘ಬೆರಳು ಮಡಚುವ’ ಕೆಲಸಕ್ಕೆ ಜಗತ್ತಿನಲ್ಲೇ ಮೊದಲ ಪರೀಕ್ಷೆಗಳಲ್ಲೊಂದು ನಡೆದದ್ದು ನಮ್ಮ ಕರ್ನಾಟಕದಲ್ಲಿ ಎಂದರೆ ನಂಬುತ್ತೀರಾ? ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಚೆಕ್‌ಲಿಸ್ಟನ್ನು 2010ರಲ್ಲಿ ರಾಜ್ಯದ ಒಂದು ಉಪಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಬಳಸಿ ನೋಡಿದರು. ಪ್ರತಿ ಹೆರಿಗೆಯಲ್ಲಿ ಮಾಡಲೇಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ಮಾತ್ರ ಆಗುತ್ತಿದ್ದವು. ಚೆಕ್‌ಲಿಸ್ಟ್ ಬಂದ ಮೇಲೆ 25 ಆದವು. ಕೈ ತೊಳೆಯುವುದೂ ಇಂಥ ಕೆಲಸಗಳಲ್ಲಿ ಒಂದು! ಹಾಗಂತ ಕಾಗದವೇ ಎಲ್ಲ ಅಲ್ಲ. ಇದೇ ಚೆಕ್‌ಲಿಸ್ಟನ್ನು ಆಮೇಲೆ ಉತ್ತರ ಪ್ರದೇಶದಲ್ಲಿ ದೊಡ್ಡದಾಗಿ ಬಳಸಿದಾಗ ನರ್ಸ್‌ಗಳ ಕೆಲಸವೇನೋ ಸುಧಾರಿಸಿತು, ತಾಯಿ-ಮಕ್ಕಳ ಸಾವು ಮಾತ್ರ ಗಮನಾರ್ಹವಾಗಿ ಇಳಿಯಲಿಲ್ಲ ಎಂದು 2017ರಲ್ಲಿ ವರದಿಯಾಯಿತು. ನೆನಪಿಸುವ ಹಾಳೆ ಇದ್ದರೂ ಔಷಧಿ ಇಲ್ಲ, ರಕ್ತ ಇಲ್ಲ, ದೊಡ್ಡಾಸ್ಪತ್ರೆಗೆ ಕಳಿಸಲು ಗಾಡಿ ಇಲ್ಲ ಅಂದರೆ ಏನು ಮಾಡಿಯಾರು ಪಾಪ?

ಆ ಒಂದು ಗಂಟೆ

ಹೆರಿಗೆ ಆಯಿತು ಎಂದ ಕೂಡಲೇ ಎಲ್ಲರ ಕಣ್ಣು ಕೂಸಿನ ಮೇಲೆ. ಗಂಡೋ ಹೆಣ್ಣೋ, ಯಾರ ಹಾಗಿದೆ, ಬಣ್ಣ ಹೇಗಿದೆ! ತಾಯಿಗೆ ನಿಜವಾದ ಗಂಡಾಂತರ ಶುರುವಾಗುವುದೇ ಆಗ. ಹೆರಿಗೆಯ ನಂತರದ ರಕ್ತಸ್ರಾವ ತಾಯಂದಿರ ಸಾವಿನ ಬಹುದೊಡ್ಡ ಕಾರಣ. ಕೂಸು ಹೊರಬಂದ ಒಂದು ನಿಮಿಷದೊಳಗೆ ತಾಯಿಗೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡಬೇಕು. ಅದು ಗರ್ಭಕೋಶವನ್ನು ಬಿಗಿ ಮಾಡಿ ರಕ್ತ ನಿಲ್ಲಿಸುತ್ತದೆ. ಈ ಔಷಧಿಯನ್ನು ಫ್ರಿಜ್‌ನಲ್ಲಿ ಇಡಬೇಕು. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ಕಪಾಟಿನಲ್ಲಿಟ್ಟರೆ ಶಕ್ತಿ ಕಳೆದುಕೊಳ್ಳುತ್ತದೆ. ಆಮೇಲೆ ಸೂಜಿ ಚುಚ್ಚಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಇಲ್ಲೂ ನಮ್ಮ ಪಕ್ಕದ ಬೆಳಗಾವಿಯ ಹೆಸರು ಹೇಳಲೇಬೇಕು. ಅಲ್ಲಿನ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದ ತಜ್ಞರ ಜೊತೆ ಸೇರಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಂಗಸರ ಹೆರಿಗೆಯಲ್ಲಿ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯ ಪರೀಕ್ಷೆ ಮಾಡಿದರು. ಫ್ರಿಜ್ ಬೇಡ, ಸೂಜಿ ಬೇಡ. ಗುಳಿಗೆ ಸಿಗದವರಲ್ಲಿ ನೂರಕ್ಕೆ 12 ಮಂದಿಗೆ ಅತಿಯಾದ ರಕ್ತಸ್ರಾವ ಆದರೆ, ಗುಳಿಗೆ ನುಂಗಿದವರಲ್ಲಿ ಅದು 6.4ಕ್ಕೆ ಇಳಿಯಿತು. 2006ರಲ್ಲಿ ಪ್ರಕಟವಾದ ಈ ಫಲಿತಾಂಶ ಹೊರದೇಶಗಳಲ್ಲೂ ಹೆಸರು ಮಾಡಿತು. ಇದೇ ಕೆಲಸದಲ್ಲಿ ರಕ್ತ ಅಳೆಯಲು ಒಂದು ಪ್ಲಾಸ್ಟಿಕ್ ಹಾಳೆಯನ್ನೂ ರೂಪಿಸಿದರು. ತಾಯಿಯ ಕೆಳಗೆ ಹಾಸಿದರೆ ರಕ್ತವೆಲ್ಲ ಒಂದು ಚೀಲಕ್ಕೆ ಇಳಿಯುತ್ತದೆ, ಚೀಲದ ಮೇಲೆ ಅಳತೆಯ ಗೆರೆ. ಹಾಲಿನ ಅಳತೆ ಪಾತ್ರೆ ಇದ್ದಂತೆ! ಕಣ್ಣಂದಾಜಿನಲ್ಲಿ ‘ಸ್ವಲ್ಪ ಹೋಗಿದೆ’ ಎನ್ನುವಂತಿಲ್ಲ. ಇಂಥದ್ದೇ ಹಾಳೆ ಹಾಸಿ, ರಕ್ತ ಗೆರೆ ಮುಟ್ಟಿದ ಕೂಡಲೇ ಮಸಾಜು, ಔಷಧಿ, ಸಲೈನ್ ಎಲ್ಲವನ್ನೂ ಒಟ್ಟಿಗೇ ಶುರು ಮಾಡುವ ಕ್ರಮವನ್ನು ಆಫ್ರಿಕದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಪರೀಕ್ಷಿಸಿದರು. ತೀವ್ರ ರಕ್ತಸ್ರಾವ ಮತ್ತು ಅದರ ಕೆಟ್ಟ ಪರಿಣಾಮಗಳು ಶೇಕಡಾ 60ರಷ್ಟು ಕಡಿಮೆಯಾದವು ಎಂದು 2023ರಲ್ಲಿ ಗೊತ್ತಾಯಿತು. ಓದಿದಾಗ ನನಗೆ ನೆನಪಾಗಿದ್ದು ನನ್ನ ಮಂಚದ ಹಸಿ ಹಾಸಿಗೆ. ಅಳೆಯುವವರಿರಲಿ, ನೋಡುವವರೂ ಇರಲಿಲ್ಲ.

ಹಾಗಾಗಿ ಬಾಣಂತಿಯ ಜೊತೆ ಆಸ್ಪತ್ರೆಯಲ್ಲಿ ಉಳಿಯುವವರು ನೀವಾದರೆ, ಮೊದಲ ಎರಡು ಗಂಟೆ ಹದಿನೈದು ನಿಮಿಷಕ್ಕೊಮ್ಮೆ ನಾಚಿಕೆ ಬಿಟ್ಟು ಹೊದಿಕೆ ಎತ್ತಿ ನೋಡಿ. ಪ್ಯಾಡ್ ಬೇಗ ಬೇಗ ಪೂರ್ತಿ ನೆನೆಯುತ್ತಿದ್ದರೆ, ಹೆಪ್ಪುಗಟ್ಟಿದ ರಕ್ತದ ಗಡ್ಡೆ ಬೀಳುತ್ತಿದ್ದರೆ, ಮೈ ತಣ್ಣಗಾಗಿ ತಲೆ ಸುತ್ತುತ್ತಿದೆ ಎಂದು ಅವಳು ಹೇಳಿದರೆ ಮಲಗಿದ ನರ್ಸನ್ನು ಎಬ್ಬಿಸಿ. ಬೈದರೆ ಬೈಸಿಕೊಳ್ಳಿ. ‘ಹೊಲಸು ರಕ್ತ ಹೋಗಲಿ’ ಎನ್ನುವ ಮಾತನ್ನು ಮಾತ್ರ ಯಾರ ಬಾಯಲ್ಲೂ ಬರಗೊಡಬೇಡಿ. ಹೋಗುವುದೆಲ್ಲ ಅವಳ ಜೀವದ ರಕ್ತವೇ. ನಾರ್ಮಲ್ ಹೆರಿಗೆ ಆಯಿತು ಅಂತ ಅದೇ ಸಂಜೆ ಆಟೋ ಹತ್ತಿಸಿಕೊಂಡು ಬರುವುದೂ ಬೇಡ. ಕನಿಷ್ಠ 48 ಗಂಟೆ ಅಲ್ಲೇ ಇರಲಿ.

ರಕ್ತ ಕಡಿಮೆ, ಬಿ.ಪಿ. ಜಾಸ್ತಿ

ಈಗ ನಮ್ಮ ಕೆಲಸದಾಕೆಯ ಮಗಳ 8.2ಕ್ಕೆ ಬರೋಣ. ಗರ್ಭಿಣಿಗೆ ಹಿಮೋಗ್ಲೋಬಿನ್ 11 ಇರಬೇಕು. 7ಕ್ಕಿಂತ ಇಳಿದರೆ ತೀರಾ ಅಪಾಯ. ರಕ್ತ ತುಂಬಿರುವವಳು ಒಂದಷ್ಟು ಕಳೆದುಕೊಂಡರೂ ತಡೆದುಕೊಳ್ಳುತ್ತಾಳೆ. ಮೊದಲೇ ರಕ್ತವಿಲ್ಲದವಳಿಗೆ ಸ್ವಲ್ಪ ಹೋದರೂ ಜೀವಕ್ಕೆ ಬರುತ್ತದೆ. ಖಾತೆಯಲ್ಲಿ ದುಡ್ಡೇ ಇಲ್ಲದವರಿಗೆ ಖರ್ಚು ಬಂದ ಹಾಗೆ.

ಆಕೆಗೆ ಹೇಳಿದೆ, ಗುಳಿಗೆಯನ್ನು ರಾತ್ರಿ ಊಟವಾದ ಮೇಲೆ ಕೊಡು, ಹೊಟ್ಟೆ ಅಷ್ಟು ಕರೆಕರೆ ಅನ್ನುವುದಿಲ್ಲ. ನಿಂಬೆ ಶರಬತ್ತೋ ಪೇರಲ ಹಣ್ಣೋ ಜೊತೆಗಿರಲಿ. ಚಹಾ ಮಾತ್ರ ಗುಳಿಗೆಯ ಹಿಂದೆ ಮುಂದೆ ಒಂದೆರಡು ಗಂಟೆ ಬೇಡ. ಕ್ಯಾಲ್ಸಿಯಂ ಗುಳಿಗೆಯನ್ನೂ ಅದೇ ಹೊತ್ತಿಗೆ ನುಂಗಬಾರದು. ಮಲ ಕಪ್ಪಾದರೆ ಹೆದರಬೇಕಿಲ್ಲ. ನಮ್ಮ ಕಡೆ ಚಹಾ ಅಂದರೆ ಊಟಕ್ಕಿಂತ ಹೆಚ್ಚು! ಇಳಕಲ್, ಗುಳೇದಗುಡ್ಡದ ನೇಕಾರ ಮನೆಗಳಲ್ಲಿ ಮಗ್ಗದ ಸದ್ದಿನ ನಡುವೆ ಹೊತ್ತು ಹೊತ್ತಿಗೆ ಚಹಾ ಬರುತ್ತದೆ, ಊಟದ ಹೊತ್ತು ಮೀರುತ್ತದೆ. ಕಂಡಿಕಿ ಸುತ್ತುತ್ತಾ ಕೂತ ಬಸುರಿ ಹೆಂಗಸು ‘ಆಮ್ಯಾಲ ಉಣ್ತೀನಿ’ ಅನ್ನುತ್ತಾಳೆ. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಮೊಳಕೆ ಬಂದ ಕಾಳು, ಶೇಂಗಾ ಎಲ್ಲ ನಮ್ಮದೇ ಊಟ. ಎಲ್ಲರೂ ಉಂಡು ಉಳಿದದ್ದನ್ನಲ್ಲ, ಬಿಸಿಯಾಗಿದ್ದಾಗಲೇ ಅವಳು ಉಣ್ಣಬೇಕು. ಆದರೆ ಏಳೂವರೆ ತಿಂಗಳಲ್ಲಿ 8.2 ಇದ್ದವಳಿಗೆ ಬರೀ ಪಲ್ಯದಿಂದ ಏರುವುದಿಲ್ಲ. ಡಾಕ್ಟರ್ ನೋಡಿ ಸಲೈನ್ ಜೊತೆ ಕಬ್ಬಿಣಾಂಶ ಏರಿಸುವ ತೀರ್ಮಾನ ಮಾಡಬಹುದು. ಪ್ರತಿ ತಿಂಗಳ 9ನೇ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ಇರುತ್ತದೆ. 2016ರಿಂದ ನಡೆಯುತ್ತಿರುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಇದು. ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿ ಗುರುತು ಮಾಡುವ ನಾವು ಒಂಬತ್ತಕ್ಕೂ ಒಂದು ಸುತ್ತು ಹಾಕಿದರಾಯಿತು.

ಬಿ.ಪಿ. ಕಾಲಂ ಖಾಲಿ ಇದ್ದದ್ದು ನನಗೆ ಇನ್ನೂ ಹೆಚ್ಚು ಚಿಂತೆ ಹಚ್ಚಿತು. 140/90 ದಾಟಿದರೆ ಎಚ್ಚರ. ತಲೆ ಸಿಡಿಯುವಂಥ ನೋವು, ಕಣ್ಣು ಮಂಜಾಗುವುದು, ಎದೆಗುಳಿಯಲ್ಲಿ ನೋವು, ಮುಖ-ಕೈ ಏಕಾಏಕಿ ಊದುವುದು, ಇವು ಗರ್ಭನಂಜಿನ ಸೂಚನೆ. ಬಿಟ್ಟರೆ ಫಿಟ್ಸ್ ಬರಬಹುದು. ಅದನ್ನು ನಮ್ಮ ಹಳ್ಳಿಗಳಲ್ಲಿ ಗಾಳಿ ಸೋಕಿದೆ ಎಂದು ನಿಂಬೆಹಣ್ಣು ಇಳಿಸುತ್ತಾ ಕೂತ ಉದಾಹರಣೆಗಳಿವೆ. ಮೆಗ್ನೀಸಿಯಂ ಸಲ್ಫೇಟ್ ಎಂಬ ಅಗ್ಗದ ಇಂಜೆಕ್ಷನ್ ಇದೆ. ಮೊದಲ ಡೋಸ್ ಕೊಟ್ಟೇ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಬನಶಂಕರಿಗೆ ಹರಕೆ ಹೊರುವುದಿದ್ದರೆ ಹೊರಿ, ಗಾಡಿ ಹತ್ತಿದ ಮೇಲೆ ಹೊರಿ.

ಇನ್ನೊಂದು ಮಾತು. ಬಾದಾಮಿ, ಹುನಗುಂದದ ಹಳ್ಳಿಗಳಿಂದ ದುಡಿಯಲು ಗೋವಾ, ಮಂಗಳೂರು ಎಂದು ಗುಳೆ ಹೋಗುವವರಿದ್ದಾರೆ. ಬಸುರಿ ಹೆಂಡತಿಯೂ ಜೊತೆಗೆ ಹೋಗುತ್ತಾಳೆ. ತಾಯಿ ಕಾರ್ಡ್ ಮಾತ್ರ ಊರಿನ ಟ್ರಂಕಿನಲ್ಲಿ! ಕಾರ್ಡ್ ಇಲ್ಲದೆ ಹೊಸ ಊರಿನ ಡಾಕ್ಟರ್‌ಗೆ ಇವಳ ಹಿಂದಿನ ಕಥೆ ಏನು ಗೊತ್ತಾಗಬೇಕು? ಮೊಬೈಲ್‌ನಲ್ಲಿ ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಲು ಹೇಳಿ.

ಬೈದರೆ ಸುಮ್ಮನಿರಬೇಕಾ?

‘ಸರಕಾರಿದ್ರಾಗ ಬೈತಾರಂತ.’ ಈ ಮಾತಿಗೆ ನನ್ನ ಹತ್ತಿರ ಸುಲಭದ ಉತ್ತರ ಇರಲಿಲ್ಲ. ಬೈಯುವವರು ಇದ್ದಾರೆ, ಖಾಸಗಿಯಲ್ಲೂ ಇದ್ದಾರೆ. ನೋವಿನಲ್ಲಿ ಕಿರುಚಿದರೆ ತೊಡೆಗೆ ಹೊಡೆಯುವ, ‘ಅವಾಗ ಗೊತ್ತಿರಲಿಲ್ಲೇನು’ ಎಂದು ಹೀಯಾಳಿಸುವ ಕಥೆಗಳನ್ನು ನಾವೆಲ್ಲ ಕೇಳಿಯೇ ಇದ್ದೇವೆ. ಇದಕ್ಕೆ ಹೆದರಿಯೇ ಎಷ್ಟೋ ಹೆಂಗಸರು ನೋವು ಮುಚ್ಚಿಟ್ಟು ಕೊನೇ ಗಳಿಗೆಗೆ ಬರುತ್ತಾರೆ. ಮರ್ಯಾದೆ ಎನ್ನುವುದು ಸೇವೆಯ ಮೇಲಿನ ಬೆಣ್ಣೆ ಅಲ್ಲ, ಅದೂ ರೊಟ್ಟಿಯೇ.

ಕೇಂದ್ರ ಸರಕಾರ 2017ರ ಡಿಸೆಂಬರ್‌ನಲ್ಲಿ ‘ಲಕ್ಷ್ಯ’ ಎಂಬ ಕಾರ್ಯಕ್ರಮ ತಂದಿತು. ಹೆರಿಗೆ ಕೋಣೆ ಮತ್ತು ಆಪರೇಷನ್ ಥಿಯೇಟರ್‌ಗಳ ಗುಣಮಟ್ಟಕ್ಕೆ ಅಂಕ ಕೊಟ್ಟು ಸರ್ಟಿಫಿಕೇಟ್ ಕೊಡುವ ಕ್ರಮ. ಅದರಲ್ಲಿ ಸ್ವಚ್ಛತೆ, ಔಷಧಿ, ಉಪಕರಣಗಳ ಜೊತೆ ಮರ್ಯಾದೆಯಿಂದ ನಡೆಸಿಕೊಳ್ಳುವುದೂ ಸೇರಿದೆ. ಮಂಚಗಳ ನಡುವೆ ಪರದೆ ಇರಬೇಕು, ಹೆರಿಗೆ ಹೊತ್ತಿನಲ್ಲಿ ಅವಳಿಗೆ ಬೇಕಾದ ಒಬ್ಬ ಹೆಂಗಸು ಪಕ್ಕದಲ್ಲಿರಬಹುದು. ತಾಯಿಯೋ, ಅತ್ತೆಯೋ, ಅಕ್ಕನೋ ಕೈ ಹಿಡಿದು ಕೂತರೆ ಹೆರಿಗೆ ಹಗುರಾಗುತ್ತದೆ ಎನ್ನುವುದನ್ನು ಈಗ ವೈದ್ಯರೂ ಒಪ್ಪುತ್ತಾರೆ. ನಮ್ಮ ಸೂಲಗಿತ್ತಿಯರಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ನೆನಪಿರಬೇಕು. ಮನೆ ಹೆರಿಗೆ ಮತ್ತೆ ಬರಲಿ ಎಂದು ನಾನು ಹೇಳುತ್ತಿಲ್ಲ, ಖಂಡಿತ ಇಲ್ಲ. ಆ ಕೈಯ ಮೃದುತನ ಲೇಬರ್ ವಾರ್ಡಿಗೂ ಬರಲಿ ಅಂತ.

ದುಡ್ಡಿನ ವಿಷಯ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ, ಬಂದು ಹೋಗುವ ಗಾಡಿ ಎಲ್ಲ ಉಚಿತ. ನಾರ್ಮಲ್‌ಗೆ ಮೂರು ದಿನ, ಸಿಸೇರಿಯನ್‌ಗೆ ಏಳು ದಿನದ ಊಟ. ಗಂಡು ಹುಟ್ಟಿದರೆ ಇಷ್ಟು, ಹೆಣ್ಣು ಹುಟ್ಟಿದರೆ ಇಷ್ಟು ಎಂದು ಯಾರಾದರೂ ಕೈಯೊಡ್ಡಿದರೆ ಕೊಡಬೇಕಿಲ್ಲ; ಆಸ್ಪತ್ರೆಯ ಮುಖ್ಯಸ್ಥರಿಗೆ ಬರೆದು ಕೊಡಿ. ಬಾಯಲ್ಲಿ ಜಗಳವಾಡಿ ಬಂದರೆ ಅಲ್ಲೇ ಮುಗಿಯುತ್ತದೆ. ನಮ್ಮಂಥ ನಾಲ್ಕಕ್ಷರ ಕಲಿತವರು ಪಕ್ಕದಲ್ಲಿ ಹೋಗಿ ನಿಂತರೆ ಅರ್ಧ ಕೆಲಸ ಆಗುತ್ತದೆ, ನಾನೇ ನೋಡಿದ್ದೇನೆ.

ಇಷ್ಟೆಲ್ಲ ಇದ್ದೂ ಎಡವಟ್ಟು ಆಗುವುದಿಲ್ಲವೇ? ಆಗುತ್ತದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡದ್ದು, ಅವರಿಗೆ ಏರಿಸಿದ ಸಲೈನ್ ಮೇಲೆ ಅನುಮಾನ ಬಂದದ್ದು, ರಾಜ್ಯವೆಲ್ಲ ಅಲ್ಲೋಲ ಕಲ್ಲೋಲ ಆದದ್ದು ಮರೆಯುವಂಥದ್ದಲ್ಲ. ನರ್ಸ್ ಎಷ್ಟೇ ಚೆನ್ನಾಗಿ ಕಲಿತಿರಲಿ, ಬಾಟಲಿಯೊಳಗಿನದು ಸರಿ ಇಲ್ಲದಿದ್ದರೆ? ಪ್ರತಿಯೊಂದು ತಾಯಿ ಸಾವಿಗೂ ಕಾರಣ ಹುಡುಕುವ ಪರಿಶೀಲನೆ ನಡೆಯಬೇಕು ಎಂಬ ನಿಯಮ ಇದೆ. ಅಂಥ ಮನೆಯವರಿಗೆ ‘ಹಣೆಬರಹ’ ಎಂದು ಸಮಾಧಾನ ಹೇಳುವ ಬದಲು, ವಿಚಾರಿಸಲು ಬಂದವರಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿ ಅನ್ನಬೇಕು.

ಕೂಸು, ಬಾಣಂತಿ, ಕೆಂಡ

ಕೂಸಿನ ವಿಷಯದಲ್ಲಿ ಆಸ್ಪತ್ರೆಗಿಂತ ಮನೆಯವರದೇ ಜಗಳ ಜಾಸ್ತಿ! ಹುಟ್ಟಿದ ಕೂಡಲೇ ಜೇನುತುಪ್ಪ ನೆಕ್ಕಿಸಬೇಕು ಅಂತ ಒಬ್ಬರು, ಸಕ್ಕರೆ ನೀರು ಅಂತ ಒಬ್ಬರು. ಯಾವುದೂ ಬೇಡ. ಒಂದು ಗಂಟೆಯೊಳಗೆ ತಾಯಿಯ ಎದೆಹಾಲು, ಆ ಹಳದಿ ಗಿಣ್ಣು ಹಾಲು. ಆರು ತಿಂಗಳವರೆಗೆ ಅದೊಂದೇ. ಮೊದಲ ದಿನ ಕೂಸಿಗೆ ನೀರು ಹಾಕುವುದೂ ಬೇಡ, ಒಣ ಬಟ್ಟೆಯಲ್ಲಿ ಒರೆಸಿ ತಲೆ ಮುಚ್ಚಿ ತಾಯಿಯ ಎದೆಯ ಮೇಲೆ ಮಲಗಿಸಿದರೆ ಅದೇ ಬೆಚ್ಚಗೆ. ತೂಕ ಕಡಿಮೆ ಇದ್ದ ಕೂಸಿಗಂತೂ ಇದೇ ಔಷಧಿ, ‘ಕಾಂಗರೂ ಆರೈಕೆ’ ಅನ್ನುತ್ತಾರೆ. ಬಿ.ಸಿ.ಜಿ., ಪೋಲಿಯೋ ಹನಿ, ಹೆಪಟೈಟಿಸ್ ಬಿ ಮೂರೂ ಆಗಿದೆಯಾ ಎಂದು ಡಿಸ್ಚಾರ್ಜ್‌ಗೆ ಮುಂಚೆ ಕಾರ್ಡ್ ನೋಡಿ.

ಬಾಣಂತಿಗೆ ನೀರು ಕೊಡಬಾರದು ಎನ್ನುವ ಪದ್ಧತಿ ನಮ್ಮ ಕಡೆ ಇನ್ನೂ ಹೋಗಿಲ್ಲ. ಹೊಟ್ಟೆ ಬರುತ್ತದಂತೆ! ನೀರಿಲ್ಲದೆ ಹಾಲು ಎಲ್ಲಿಂದ ಬರಬೇಕು? ಅಂಟಿನ ಉಂಡಿ, ಅಳವಿ ಪಾಯಸ ಕೊಡಿ, ತಪ್ಪಿಲ್ಲ, ರುಚಿಗೆ ರುಚಿ. ಜೊತೆಗೆ ಬೇಕಾದಷ್ಟು ನೀರೂ ಕೊಡಿ. ಮುಚ್ಚಿದ ಕೋಣೆಯಲ್ಲಿ ಹೊರಸಿನ ಕೆಳಗೆ ಕೆಂಡ ಇಡುವುದು ಮಾತ್ರ ಬೇಡವೇ ಬೇಡ. ಆ ಹೊಗೆ ಕೂಸಿನ ಶ್ವಾಸಕ್ಕೆ ಕುತ್ತು.

ಆಸ್ಪತ್ರೆಯಲ್ಲಿ ಹೆರಿಗೆ ಆಗಿದ್ದರೂ ಆಶಾ ಕಾರ್ಯಕರ್ತೆ ಮನೆಗೆ 3, 7, 14, 21, 28 ಮತ್ತು 42ನೇ ದಿನ ಬಂದು ಕೂಸನ್ನು ತೂಗಿ, ಜ್ವರ ನೋಡಿ ಹೋಗಬೇಕು. ಕೂಸು ಹಾಲು ಬಿಟ್ಟರೆ, ಮೈ ತಣ್ಣಗಾದರೆ, ಪಕ್ಕೆ ಒಳಗೆ ಎಳೆಯುವಂತೆ ಉಸಿರಾಡಿದರೆ, ಅಂಗಾಲಿನವರೆಗೂ ಹಳದಿಯಾದರೆ ಅವಳಿಗೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಬಾಣಂತಿಗೆ ಜ್ವರ, ನಾತದ ಸ್ರಾವ, ಕಾಲಿನ ಮೀನಖಂಡದಲ್ಲಿ ನೋವು-ಬಾವು ಬಂದರೂ ಹಾಗೇ. ಸುಮ್ಮಸುಮ್ಮನೆ ಅಳುವುದು, ಕೂಸಿನ ಮುಖ ನೋಡಲೂ ಬೇಡ ಎನ್ನುವುದು ಎರಡು ವಾರ ದಾಟಿದರೆ ಅದು ಸೊಕ್ಕಲ್ಲ, ಕಾಯಿಲೆ. ಅದನ್ನೂ ಡಾಕ್ಟರ್‌ಗೆ ಹೇಳಬೇಕು.

ನಮ್ಮಾಕೆ ಸಾಲ ಮಾಡಲಿಲ್ಲ. ಒಂಬತ್ತನೇ ತಾರೀಖು ಮಗಳನ್ನು ಕರೆದುಕೊಂಡು ಸರಕಾರಿ ಆಸ್ಪತ್ರೆಗೆ ಹೋದಳು. ಜೊತೆಗೆ ನಾನೂ ಹೋದೆ, ಮೂರು ತಾಸು ಪಾಳಿಯಲ್ಲಿ ನಿಂತೆವು. ಬಿ.ಪಿ. ಸರಿ ಇತ್ತು. ರಕ್ತ 7.9ಕ್ಕೆ ಇಳಿದಿತ್ತು. ಕಬ್ಬಿಣಾಂಶದ ಸಲೈನ್ ಕೆಲವು ಸಲ ಹಾಕಿದರು, ದಿನ ತುಂಬುವ ಹೊತ್ತಿಗೆ 10 ದಾಟಿತು. ಹೊರಡುವ ಚೀಲಕ್ಕೆ ನನ್ನ ಹಳೆಯ ಕಾಟನ್ ಸೀರೆ ಎರಡು ಹರಿದು ಒಗೆದು ಇಟ್ಟುಕೊಟ್ಟೆ. ಕಾರ್ಡ್, ಆಧಾರ್, ಪಾಸ್‌ಬುಕ್ ಝೆರಾಕ್ಸ್, ಕೂಸಿಗೆ ಟೊಪ್ಪಿಗೆ, ಫೋನ್ ಚಾರ್ಜರ್. ರಕ್ತ ಕೊಡಲು ಒಪ್ಪಿದ ಇಬ್ಬರು ಸೋದರರ ಹೆಸರು ಮತ್ತು ನಂಬರನ್ನು ಕಾರ್ಡಿನ ಹಿಂದೆ ಬರೆದಿಟ್ಟೆವು.

ಹೆಣ್ಣು ಕೂಸು, 2 ಕಿಲೋ 600 ಗ್ರಾಂ. ಮರುದಿನ ಫೋನ್ ಬಂತು.

‘ಅಕ್ಕಾರ, ನಾ ನಾಕ್ ಸಲ ಹೊದಿಕಿ ಎತ್ತಿ ನೋಡಿದ್ನಿರಿ. ನರ್ಸಮ್ಮ ನಕ್ಳು. ಆಕಿನೂ ಬಂದ ಬಂದ ನೋಡ್ತಿದ್ಳು. ಬೈಲಿಲ್ರಿ.’ ಆಮೇಲೆ ದನಿ ತಗ್ಗಿಸಿ ಕೇಳಿದಳು, ‘ಬೀಗತಿ ಜೇನುತುಪ್ಪ ತಂದ್ ಕುಂತಾಳ್ರಿ. ಏನ್ ಹೇಳೂದ್ರಿ ಈಗ?’

‘ಫೋನ್ ಅವರಿಗೇ ಕೊಡು’ ಅಂದೆ.